ಕುಂಕುಮವಿಟ್ಟ ಗಾಡಿಗೆ ಬೆಲೆ ಕೇಳಬಾರದು

ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೊಬ್ಬರಿ ಅಟ್ಟದ ಕೆಳಗಿನ ಕತ್ತಲೆಯಲ್ಲಿ, ಒಂದು ಜಾವಾ ಮೋಟಾರ್ ಸೈಕಲ್ಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಿಂತಿದೆ. ಅದನ್ನು ನನಗೆ ಕೊಡಿ ಎಂದು ನಾನು ಆರು ವರ್ಷಗಳಿಂದ ಕೇಳುತ್ತಿದ್ದೇನೆ. ಕೊಡುವುದಿಲ್ಲ ಎಂದು ಅದರ ಯಜಮಾನರು ಆರು ವರ್ಷಗಳಿಂದಲೂ ಹೇಳುತ್ತಿದ್ದಾರೆ. ಈ ನಡುವೆ ಆ ಮನೆಯ ಮೊಮ್ಮಗಳ ಮದುವೆಗೆ ಹೋಗಿ ಉಂಡು ಬಂದಿದ್ದೇನೆ, ಯಜಮಾನರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಅವರನ್ನು ತುಮಕೂರಿಗೆ ಕರೆತಂದಿದ್ದೇನೆ, ಅವರ ತೋಟದ ಎಳನೀರು ಕುಡಿದಿದ್ದೇನೆ. ಗಾಡಿ ಮಾತ್ರ ನಿಂತಲ್ಲೇ ನಿಂತಿದೆ.

ತುಮಕೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಯಂತ್ರಶಾಸ್ತ್ರದ ಪಾಠ ಹೇಳುವ ನಾನು, ಭಾನುವಾರಗಳಲ್ಲಿ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ಹಳೆಯ ವಾಹನಗಳನ್ನು ಹುಡುಕಲು ಆರಂಭಿಸಿ ಹದಿನಾಲ್ಕು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಕೊಂಡು ತಂದು ಮತ್ತೆ ರಸ್ತೆಗಿಳಿಸಿದ್ದು ಐದು ಗಾಡಿಗಳನ್ನು ಮಾತ್ರ. ಕೇಳಿ ಇಲ್ಲವೆನ್ನಿಸಿಕೊಂಡದ್ದು ಅದರ ಹತ್ತು ಪಟ್ಟಿಗಿಂತ ಹೆಚ್ಚು. ಮೊದಮೊದಲು ಆ ‘ಇಲ್ಲ’ಗಳನ್ನು ಹಟವೆಂದೂ ಅಜ್ಞಾನವೆಂದೂ ತಿಳಿದು ನೊಂದುಕೊಳ್ಳುತ್ತಿದ್ದೆ. ತಾವೂ ಓಡಿಸುವುದಿಲ್ಲ, ಓಡಿಸುವವರಿಗೂ ಕೊಡುವುದಿಲ್ಲ, ಕಣ್ಣೆದುರೇ ತುಕ್ಕು ಹಿಡಿದು ಮಣ್ಣಾದರೂ ಸರಿ ಎನ್ನುತ್ತಾರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಆ ಸಂಕಟ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ‘ಇಲ್ಲ’ ಎನ್ನುವವರು ಗಾಡಿಯನ್ನು ನಿರ್ಲಕ್ಷಿಸಿದ್ದಾರೆ ಎಂಬ ನನ್ನ ತಿಳಿವಳಿಕೆ ತಪ್ಪಾಗಿತ್ತು. ಅದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ಆ ಜಾವಾವನ್ನು ಮೊದಲು ಕಂಡದ್ದು ಬಂಧುಗಳೊಬ್ಬರ ಗೃಹಪ್ರವೇಶಕ್ಕೆಂದು ಆ ಊರಿಗೆ ಹೋದಾಗ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದಾದಾಗ ಅದು ಕೊಬ್ಬರಿಯಾಯಿತೆಂದು ಅರ್ಥ. ಅಟ್ಟದ ಕೆಳಗಿನ ಜಾಗ ಸಾಮಾನ್ಯವಾಗಿ ನೊಗ, ನೇಗಿಲು, ಮಟ್ಟೆ, ಗೋಣಿಚೀಲಗಳಿಗೆ ಮೀಸಲು. ಅವುಗಳ ನಡುವೆ ಕಡುಗೆಂಪು ಬಣ್ಣದ ಟ್ಯಾಂಕೊಂದರ ಅಂಚು ಕಂಡಿತು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಎರಡೂ ಬದಿಯಲ್ಲಿ ಒಂದೊಂದು ಸೈಲೆನ್ಸರು, ಮೈಲಿ ಮಾಪಕವನ್ನು ತನ್ನೊಳಗೇ ಕೂರಿಸಿಕೊಂಡ ದುಂಡನೆಯ ದೀಪದ ಬುರುಡೆ, ಮುಂದಕ್ಕೆ ಮಲಗಿದ ಕಿಕ್ಕರ್. ಜಾವಾದಲ್ಲಿ ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಸನ್ನೆ. ಒಳಕ್ಕೊತ್ತಿ ಮೇಲೆತ್ತಿ ತುಳಿದರೆ ಇಂಜಿನ್ನು ಹೊರಡುತ್ತದೆ, ಅದನ್ನೇ ಮುಂದಕ್ಕೆ ತಂದರೆ ಗೇರು ಬದಲಿಸುವ ಕೋಲಾಗುತ್ತದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ ಗಾಡಿಗಳು, 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹಳೇ ಮೈಸೂರು ಸೀಮೆಯ ಹಳ್ಳಿಹಳ್ಳಿಗಳನ್ನು ಮುಟ್ಟಿದ್ದವು. ನಾನು ನೋಡುತ್ತಿದ್ದದ್ದು ಹೆಸರು ಬದಲಾಗುವುದಕ್ಕೆ ಮುಂಚಿನದು. ನಂಬರಿನ ಫಲಕದ ಮೇಲೆ ‘ಎಂವೈ’ ಎಂಬ ಅಕ್ಷರಗಳು ಇನ್ನೂ ಓದಲು ಬರುವಂತಿದ್ದವು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಗಾಡಿ ಮೈಸೂರು ರಾಜ್ಯದ ಪ್ರಜೆ.

ಜಗುಲಿಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ ಯಜಮಾನರನ್ನು ನಾನು ನೇರವಾಗಿ, “ಗಾಡಿ ಮಾರ್ತೀರಾ ಯಜಮಾನ್ರೇ?” ಎಂದು ಕೇಳಿಬಿಟ್ಟೆ. ಅವರು ತಲೆಯೆತ್ತಿ, “ಯಾವೂರಪ್ಪ ನಿಂದು? ಯಾರ ಪೈಕಿ?” ಎಂದರು. ಹೇಳಿದೆ. ಕೂರಲು ಚಾಪೆ ಹಾಕಿಸಿದರು, ಕಾಫಿ ಬಂತು, ಮಳೆಯ ಮಾತು ಬಂತು, ಕೊಬ್ಬರಿ ಧಾರಣೆಯ ಮಾತು ಬಂತು. ಗಾಡಿಯ ಮಾತು ಬರಲೇ ಇಲ್ಲ. ಹೊರಡುವಾಗ ನಾನೇ ಮತ್ತೆ ನೆನಪಿಸಿದೆ. “ಅದ್ರ ಪಾಡಿಗೆ ಅದಿರ್ಲಿ ಬಿಡಪ್ಪ,” ಎಂದಷ್ಟೇ ಹೇಳಿ ಅವರು ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡರು.

ಆ ದಿನ ನಾನು ಒಂದು ಗುರುತನ್ನು ಕಂಡೂ ಓದದೆ ಬಂದಿದ್ದೆ. ದೀಪದ ಗಾಜಿನ ಮೇಲೆ, ದೂಳಿನ ದಪ್ಪ ಪದರದ ಮೇಲೆ, ಕುಂಕುಮದ ಬೊಟ್ಟಿತ್ತು. ದೂಳು ಹಳೆಯದು, ಕುಂಕುಮ ಹೊಸದು. ಅಂದರೆ ಆ ಗಾಡಿಯನ್ನು ಒರೆಸುವವರಿರಲಿಲ್ಲ, ಓಡಿಸುವವರಿರಲಿಲ್ಲ, ಆದರೆ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಯಾರೋ ಆ ಕತ್ತಲೆಗೆ ಬಗ್ಗಿ ಹೋಗಿ ಬೊಟ್ಟಿಟ್ಟು, ಹೂವೇರಿಸಿ, ನಿಂಬೆಹಣ್ಣಿಟ್ಟು ಬರುತ್ತಿದ್ದರು. ನನ್ನ ಅನುಭವದಲ್ಲಿ ಇದಕ್ಕಿಂತ ಖಚಿತವಾದ ಗುರುತು ಇನ್ನೊಂದಿಲ್ಲ. ಕುಂಕುಮ ಮಾಸಿ, ಗಾಡಿಯ ಮೇಲೆ ಕೋಳಿಗಳು ಕೂರುತ್ತಿದ್ದರೆ, ಸೀಟಿನ ಮೇಲೆ ರಾಗಿ ಹುಲ್ಲಿನ ಹೊರೆಯಿದ್ದರೆ, ಮಾತಾಡಬಹುದು. ಆ ಮನೆ ಗಾಡಿಯಿಂದ ಕೈಬಿಡಿಸಿಕೊಂಡಿದೆ. ಬೊಟ್ಟು ಹೊಸದಾಗಿದ್ದರೆ ಬೆಲೆ ಕೇಳಬಾರದು. ಕೇಳಿದರೆ ಅದು ಮನೆಯ ಒಬ್ಬರಿಗೆ ಬೆಲೆ ಕಟ್ಟಿದಂತೆ ಅವರ ಕಿವಿಗೆ ಬೀಳುತ್ತದೆ.

ಹಳ್ಳಿಯ ಮನೆಗಳಲ್ಲಿ ವಾಹನವೊಂದು ಇಷ್ಟು ಬೇರು ಬಿಡುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಆ ಕಾಲದಲ್ಲಿ ಗಾಡಿ ಕೊಳ್ಳುವುದೆಂದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವುದಾಗಿರಲಿಲ್ಲ. ಲೈಸೆನ್ಸು, ಪರ್ಮಿಟ್ಟುಗಳ ಆ ದಶಕಗಳಲ್ಲಿ ಕಾರೆಂದರೆ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರೇ ಹೆಸರುಗಳು. ಸ್ಕೂಟರಿಗೆ ಮುಂಗಡ ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಿದ್ದರು. ಮಗ ಹುಟ್ಟಿದಾಗ ಬರೆಸಿದ ಸ್ಕೂಟರು ಅವನು ಶಾಲೆಗೆ ಸೇರುವಾಗ ಬಂತು ಎನ್ನುವ ಹಿರಿಯರನ್ನು ನಾನೇ ಕಂಡಿದ್ದೇನೆ. ಗುಬ್ಬಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಬಜಾಜ್ ಸ್ಕೂಟರಿನ ಮುಂಗಡದ ರಸೀದಿಯನ್ನು ಮನೆಯ ಹಕ್ಕುಪತ್ರಗಳ ಜೊತೆ ಒಂದೇ ಟ್ರಂಕಿನಲ್ಲಿಟ್ಟಿದ್ದಾರೆ. ಅಷ್ಟು ಕಾಯ್ದು ಪಡೆದದ್ದನ್ನು, ಇವತ್ತು ಬೆಳಗ್ಗೆ ಬಂದ ಅಪರಿಚಿತನೊಬ್ಬ ಸಂಜೆಯೊಳಗೆ ಲಗ್ಗೇಜ್ ಆಟೋದಲ್ಲಿ ಹೇರಿಕೊಂಡು ಹೋಗುತ್ತೇನೆಂದರೆ ಅವರು ಹೇಗೆ ಒಪ್ಪಿಯಾರು?

ಅಪರಿಚಿತರ ಬಗ್ಗೆ ಅವರಿಗಿರುವ ಅನುಮಾನವೂ ಸುಳ್ಳಲ್ಲ. ಹಳ್ಳಿಯಲ್ಲಿ ಹಳೆಯ ಕಬ್ಬಿಣವೆಂದು ನಾಲ್ಕು ಕಾಸಿಗೆ ಕೊಂಡು, ಬೆಂಗಳೂರಿನಲ್ಲಿ ಬಣ್ಣ ಬಳಿದು ಲಕ್ಷಗಳಿಗೆ ಮಾರುವ ದಲ್ಲಾಳಿಗಳು ನಮ್ಮ ಜಿಲ್ಲೆಯನ್ನು ಮೂರು ನಾಲ್ಕು ಸುತ್ತು ಜರಡಿ ಹಿಡಿದಿದ್ದಾರೆ. ಅವರು ಬಂದುಹೋದ ಊರಿನಲ್ಲಿ ನನ್ನಂಥವನ ಮಾತು ಯಾರಿಗೂ ನಂಬಿಕೆ ಹುಟ್ಟಿಸುವುದಿಲ್ಲ. ಇನ್ನೊಂದೆಡೆ, ಮೊಬೈಲಿನಲ್ಲಿ ಹೊಳೆಯುವ ಗಾಡಿಗಳ ಬೆಲೆ ನೋಡಿದ ಮೊಮ್ಮಕ್ಕಳು, ಚಕ್ರವೂ ತಿರುಗದ ಅಸ್ಥಿಪಂಜರಕ್ಕೆ ಅದೇ ಬೆಲೆ ಹೇಳುತ್ತಾರೆ. ಅವರಿಗೆ ನಾನು ಕ್ರ್ಯಾಂಕಿನ ಸೀಲುಗಳ ಖರ್ಚು, ಕ್ರೋಮಿಯಂ ಲೇಪನದ ಖರ್ಚು, ಸಿಗದ ಬಿಡಿಭಾಗಗಳ ಹುಡುಕಾಟ ಎಲ್ಲವನ್ನೂ ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಹಲವರು ಒಪ್ಪುವುದಿಲ್ಲ. ಒಪ್ಪದಿದ್ದರೂ ಬರೆದು ತೋರಿಸಬೇಕು ಎಂಬುದು ನನ್ನ ನಿಲುವು. ಬೆಲೆ ತಿಳಿಯದವರಿಂದ ಕೊಂಡ ಗಾಡಿಯನ್ನು ಓಡಿಸುವಾಗ ಮನಸ್ಸು ನೆಟ್ಟಗಿರುವುದಿಲ್ಲ.

ತುಕ್ಕಿನ ವಿಷಯದಲ್ಲಿ ನಮ್ಮ ಜಿಲ್ಲೆ ಎರಡು ಜಿಲ್ಲೆಗಳಿದ್ದಂತೆ. ಪಾವಗಡ, ಶಿರಾ, ಮಧುಗಿರಿಯ ಒಣ ಸೀಮೆಯಲ್ಲಿ ಬಯಲಿಗೆ ಬಿಟ್ಟ ಗಾಡಿಯ ಬಣ್ಣ ಬಿಸಿಲಿಗೆ ಸುಟ್ಟು ಹೋಗುತ್ತದೆ, ರಬ್ಬರು ಸೀಳುತ್ತದೆ, ಸೀಟು ಪುಡಿಯಾಗುತ್ತದೆ, ಆದರೆ ತಗಡು ಬಹುಮಟ್ಟಿಗೆ ಉಳಿಯುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿಯ ತೋಟದ ಸೀಮೆಯಲ್ಲಿ ನೆರಳಿನಲ್ಲಿಟ್ಟ ಗಾಡಿ ಮೇಲೆ ನೋಡಲು ಚೆಂದವಾಗಿರುತ್ತದೆ, ಕೆಳಗಿನಿಂದ ಕರಗಿರುತ್ತದೆ. ಮಣ್ಣಿನ ನೆಲ ಸದಾ ತೇವವನ್ನು ಮೇಲಕ್ಕೆ ಉಸಿರಾಡುತ್ತದೆ. ಟೈರಿನ ಗಾಳಿ ಹೋಗಿ ರಿಮ್ಮು ನೆಲಕ್ಕೆ ತಾಗಿದ ಮೇಲೆ ಆ ತೇವಕ್ಕೆ ದಾರಿ ಸಿಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ದನದ ಕೊಟ್ಟಿಗೆ. ಗಂಜಳದ ಉಪ್ಪು ಮತ್ತು ಅಮೋನಿಯಾ ಸೇರಿ ಹಿತ್ತಾಳೆ, ತಾಮ್ರ, ಉಕ್ಕು ಯಾವುದನ್ನೂ ಬಿಡುವುದಿಲ್ಲ. ಗಾಡಿಯ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಲ್ಯಾಂಬ್ರೆಟ್ಟಾ ಸ್ಕೂಟರಿನ ಒಳಗೆ ದಪ್ಪ ಕೊಳವೆಯ ಚೌಕಟ್ಟಿದ್ದು ತಗಡುಗಳನ್ನು ಅದಕ್ಕೆ ಬೋಲ್ಟಿನಿಂದ ಕೂರಿಸಿರುವುದರಿಂದ, ತಗಡು ಹೋದರೂ ಮೂಳೆ ಉಳಿಯುತ್ತದೆ. ವೆಸ್ಪಾದ ಮಾದರಿಯ ಸ್ಕೂಟರುಗಳಲ್ಲಿ ತಗಡೇ ದೇಹ, ತಗಡೇ ಮೂಳೆ, ಆದ್ದರಿಂದ ಪಾದವಿಡುವ ನೆಲ ತಿಂದುಹೋದರೆ ಗಾಡಿಯೇ ಮಧ್ಯಕ್ಕೆ ಮುರಿಯುತ್ತದೆ. ಇಂಜಿನ್ನಿನೊಳಗೆ ಪಿಸ್ಟನ್ನು ಅಂಟಿಕೊಂಡಿದ್ದರೆ ನಾನು ಹೆದರುವುದಿಲ್ಲ. ಪ್ಲಗ್ಗಿನ ತೂತಿನಿಂದ ಡೀಸೆಲ್ಲು, ಎಣ್ಣೆ ಬೆರೆಸಿ ಸುರಿದು, ವಾರಗಟ್ಟಲೆ ಕಾಯ್ದು, ನಿಧಾನವಾಗಿ ಅಲುಗಿಸಿದರೆ ಬಹಳ ಸಲ ಬಿಡುತ್ತದೆ. ಗಾಡಿಯ ಗುರುತಾಗಿ ಚೌಕಟ್ಟಿನ ಮೇಲೆ ಚಾಸಿ ನಂಬರು ಕೆತ್ತಿದ ಜಾಗವೇ ತುಕ್ಕಿನಲ್ಲಿ ಉದುರಿಹೋಗಿದ್ದರೆ ಮಾತ್ರ ಏನೂ ಮಾಡಲಾಗದು.

ಶಿರಾ ಕಡೆಯ ಒಂದು ದೊಡ್ಡ ಮನೆಯಲ್ಲಿ ಹುಣಸೆ ಮರದ ಕೆಳಗೆ ನಿಂತಿರುವ ಅಂಬಾಸಿಡರಿನ ಕತೆ ಬೇರೆ. ಅದು ಮಾರ್ಕ್ ಟೂ, ಅಂದರೆ 1962ರಿಂದ 1975ರ ನಡುವಿನ ತಲೆಮಾರಿನದು. ಆ ಸುತ್ತಿನ ಊರುಗಳ ಹೆರಿಗೆಯ ಹೆಂಗಸರನ್ನು, ಹಾವು ಕಡಿದವರನ್ನು, ಮದುವಣಿಗರನ್ನು ಹೊತ್ತ ಕಾರು. ಅದನ್ನು ಕೊಂಡ ಹಿರಿಯರು ತೀರಿಕೊಂಡ ಮೇಲೆ ಐವರು ಮಕ್ಕಳು ಪಾಲಾದರು. ಪಾಲುಪಟ್ಟಿಯಲ್ಲಿ ಹೊಲದ ಗುಂಟೆಗಳಿವೆ, ಬಾವಿಯ ನೀರಿನ ಸರದಿಯಿದೆ, ಹುಣಸೆ ಮರಗಳ ಹೆಸರುಗಳಿವೆ, ಮನೆಯ ಅಂಕಣಗಳ ಲೆಕ್ಕವಿದೆ, ಕಾರಿಲ್ಲ. ಬಿಟ್ಟುಹೋದದ್ದು ಮರೆವಿನಿಂದಲ್ಲ, ಅಪ್ಪನ ಕಾರು ತನಗೆ ಬೇಕೆಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ, ಬೇಡವೆನ್ನಲೂ ಬರಲಿಲ್ಲ. ಹಾಗಾಗಿ ಅದು ಐವರದ್ದೂ ಆಗಿ ಯಾರದ್ದೂ ಆಗದೆ ನಿಂತಿದೆ. ನಾನು ಹಿರಿಯ ಮಗನನ್ನು ಕೇಳಿದರೆ ಕಿರಿಯವನ ಹೆಸರು ಹೇಳುತ್ತಾರೆ, ಕಿರಿಯವರನ್ನು ಕೇಳಿದರೆ ಬೆಂಗಳೂರಿನಲ್ಲಿರುವ ನಡುವಿನವರ ಕಡೆ ಕೈ ತೋರಿಸುತ್ತಾರೆ.

ಐವರೂ ಒಪ್ಪಿದರೂ ಕಾಗದಪತ್ರದ ದಾರಿ ಸಣ್ಣದಲ್ಲ. ಯಜಮಾನ ತೀರಿಕೊಂಡರೆ ವಾರಸುದಾರರು ಮೂವತ್ತು ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಕೊಟ್ಟು ವಾಹನವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳ್ಳಿಯಲ್ಲಿ ತಿಥಿ ಮುಗಿದ ಮೇಲೆ ಪಹಣಿಯ ಚಿಂತೆ ಬರುತ್ತದೆ, ಕಾರಿನ ಚಿಂತೆ ಬರುವುದಿಲ್ಲ. ಮೂವತ್ತು ವರ್ಷಗಳ ನಂತರ ನನ್ನಂಥವನು ಹೋಗಿ ಕೇಳಿದಾಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ, ಇಲಿ ತಿಂದ ಆರ್‌ಸಿ ಪುಸ್ತಕ ಎಲ್ಲವನ್ನೂ ಹೊಂದಿಸಬೇಕು. ಆಮೇಲಷ್ಟೇ ಮಾರುವವರು, ಕೊಳ್ಳುವವರು ನಮೂನೆ 29 ಮತ್ತು 30ಕ್ಕೆ ಸಹಿ ಹಾಕುವ ಮಾತು. ಪೆಟ್ರೋಲಿನ ಖರ್ಚು ತಾಳದೆ ಯಾವಾಗಲೋ ಡೀಸೆಲ್ ಇಂಜಿನ್ನು ಕೂರಿಸಿದ ಜೀಪು, ಕಾರುಗಳು ನಮ್ಮಲ್ಲಿ ಬಹಳ. ಅವುಗಳಲ್ಲಿ ಪುಸ್ತಕದ ಇಂಜಿನ್ ನಂಬರೇ ಬೇರೆ, ಗಾಡಿಯಲ್ಲಿರುವುದೇ ಬೇರೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮಗಳನ್ನು ತಂದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ದೇಹ, ಇಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ಮರುನೋಂದಣಿಗೆ 5,000 ರೂಪಾಯಿ, ‘ವಿಎ’ ಎಂಬ ಅಕ್ಷರಗಳಿರುವ ಪ್ರತ್ಯೇಕ ನಂಬರು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಹಳೆಯದೆಂದರೆ ಗುಜರಿಯೆಂದೇ ತಿಳಿಯುವ ಕಾಲದಲ್ಲಿ, ಇವು ಉಳಿಯಬೇಕಾದವು ಎಂದು ಕಾನೂನೇ ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೂ ಶಿರಾದ ಆ ಮನೆಯ ಹಿರಿಯ ಮಗನಿಗೆ ಇದನ್ನು ವಿವರಿಸಿದಾಗ ಅವರು ಎಲ್ಲವನ್ನೂ ಗಮನವಿಟ್ಟು ಕೇಳಿ, “ಇಪ್ಪತ್ತು ಸಾವಿರ ಕಟ್ಟಿ ದಿನಾ ಓಡಿಸ್ಬಾರ್ದು ಅಂದ್ರೆ, ಈಗ ನಿಂತಿರೋದಕ್ಕೂ ಅದಕ್ಕೂ ಏನು ವ್ಯತ್ಯಾಸ ಸಾರ್?” ಎಂದು ಕೇಳಿದರು. ಅಪರೂಪಕ್ಕೊಮ್ಮೆಯಾದರೂ ಓಡುವ ಗಾಡಿಗೂ ಓಡದ ಗಾಡಿಗೂ ಇರುವ ವ್ಯತ್ಯಾಸವನ್ನು ಮಾತಿನಲ್ಲಿ ಹೇಳಲು ನನಗಾಗಲಿಲ್ಲ. ಕೊಡುವುದಿದ್ದರೆ ಧರ್ಮಸ್ಥಳದ ಕಾರುಗಳ ಸಂಗ್ರಹಾಲಯಕ್ಕೆ ಹಾಗೆಯೇ ಕೊಟ್ಟುಬಿಡುತ್ತೇವೆ, ಮಂಜುನಾಥನ ಹತ್ತಿರ ಇರುತ್ತದೆ ಎಂದೂ ಅವರು ಹೇಳಿದರು. ಅದಕ್ಕೆ ನಾನು ಎದುರಾಡಲಿಲ್ಲ.

ಕಳೆದುಕೊಂಡವುಗಳಲ್ಲಿ ನನಗೆ ಇಂದಿಗೂ ನೋವಾಗುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಲ್ಯಾಂಬ್ರೆಟ್ಟಾದ ವಿಷಯದಲ್ಲಿ. ಅದರ ಒಡೆಯರು ಮಾರುವುದಿಲ್ಲವೆಂದು ಎರಡು ಸಲ ಹೇಳಿದ್ದರು. ಹಿರಿಯರ ಮಾತಿಗೆ ಮರ್ಯಾದೆ ಕೊಟ್ಟು ನಾನು ಒಂದು ವರ್ಷ ಆ ಕಡೆ ಹೋಗಲಿಲ್ಲ. ಹೋದಾಗ ಅವರು ತೀರಿಕೊಂಡಿದ್ದರು. ಮನೆಯವರು ಸುಣ್ಣಬಣ್ಣ ಮಾಡಿಸುವಾಗ ಜಾಗಕ್ಕೆ ಅಡ್ಡವಾಯಿತೆಂದು ಸ್ಕೂಟರನ್ನು ಊರೂರು ತಿರುಗುವ ಗುಜರಿಯವರಿಗೆ ಕಿಲೋ ಲೆಕ್ಕದಲ್ಲಿ ಹಾಕಿದ್ದರು. ಅದು ನಿಂತಿದ್ದ ಗೋಡೆಯಲ್ಲಿ ಹ್ಯಾಂಡಲ್ಲಿನ ತುದಿ ತಾಗಿ ಆಗಿದ್ದ ತಗ್ಗು ಮಾತ್ರ ಹೊಸ ಸುಣ್ಣದಡಿಯಲ್ಲೂ ಕಾಣುತ್ತಿತ್ತು. ಗುಜರಿ ಅಂಗಡಿಗಳನ್ನು ಮೂರು ದಿನ ಹುಡುಕಿದೆ. ಅಷ್ಟರಲ್ಲಿ ಅದು ಕತ್ತರಿಸಿಹೋಗಿತ್ತು. ಆ ಮನೆಯವರನ್ನು ನಾನು ದೂರುವುದಿಲ್ಲ. ಒಡೆಯ ಇರುವವರೆಗೆ ಅದು ಮಾರಲಾರದ ವಸ್ತು, ಹೋದ ಮರುದಿನ ಅದು ಜಾಗ ತಿನ್ನುವ ಕಬ್ಬಿಣ. ಈ ಎರಡರ ನಡುವೆ ಗಾಡಿಗೆ ಸಿಗುವ ಹೊತ್ತು ಬಹಳ ಕಡಿಮೆ.

ಆ ನಷ್ಟದ ಭಯದಿಂದಲೇ ನಾನು ಒಂದು ತಪ್ಪು ಮಾಡಿದೆ. ಮಧುಗಿರಿ ಕಡೆಯ ಒಂದು ಊರಿನಲ್ಲಿ ಯೆಜ್ಡಿಯೊಂದಿತ್ತು. ಮನೆಯ ಹಿರಿಯ ಹೆಂಗಸು, ಗಾಡಿಯ ಒಡೆಯರ ಹೆಂಡತಿ, ಬೇಡವೆಂದು ತಲೆಯಾಡಿಸಿದ್ದರು. ಕೆಲವು ವಾರಗಳ ನಂತರ ಮಗ ತಾನಾಗಿಯೇ ಫೋನು ಮಾಡಿ, ಅಮ್ಮ ಮಗಳ ಮನೆಗೆ ಹೋಗಿದ್ದಾರೆ, ಈಗ ಬಂದರೆ ಕೊಡುತ್ತೇನೆ ಎಂದ. ಗಾಡಿ ಅವನ ಹೆಸರಿಗೇ ವರ್ಗವಾಗಿತ್ತು, ಕಾನೂನಿನಲ್ಲಿ ಕೊರತೆಯಿರಲಿಲ್ಲ. ನಾನು ಹೋದೆ, ದುಡ್ಡು ಕೊಟ್ಟೆ, ತಂದೆ. ಗ್ಯಾರೇಜಿನಲ್ಲಿ ಸೀಟು ಬಿಚ್ಚಿದಾಗ ಅದರಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಸಣ್ಣ ಪುಸ್ತಕ ಸಿಕ್ಕಿತು. ಪೆಟ್ರೋಲು ಹಾಕಿಸಿದ ತಾರೀಖು, ಲೀಟರು, ಬೆಲೆ, ಬೆರೆಸಿದ ಎಣ್ಣೆಯ ಅಳತೆ ಎಲ್ಲವನ್ನೂ ಒಂದೇ ಕೈ ವರ್ಷಾನುಗಟ್ಟಲೆ ಬರೆದಿತ್ತು. ಅಲ್ಲಲ್ಲಿ ಅಂಚಿನಲ್ಲಿ ಚುಟುಕು ಟಿಪ್ಪಣಿಗಳಿದ್ದವು: ‘ದೇವರಾಯನದುರ್ಗಕ್ಕೆ, ಇಬ್ಬರೂ’, ‘ಆಸ್ಪತ್ರೆಗೆ’, ‘ಇಬ್ಬರೂ, ಮಳೆ’. ಆ ‘ಇಬ್ಬರೂ’ ಎಂಬ ಪದವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಾರದೊಳಗೆ ಗಾಡಿಯನ್ನು ವಾಪಸು ಒಯ್ದೆ. ಮಗ ಮುಜುಗರಪಟ್ಟು ಬಾಗಿಲಲ್ಲೇ ನಿಂತ. ಆ ತಾಯಿ ಹೊರಗೆ ಬಂದು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟರು. ಪುಸ್ತಕವನ್ನು ಅವರ ಕೈಗೆ ಕೊಟ್ಟಾಗ ಬಿಚ್ಚಲಿಲ್ಲ, ಸೆರಗಿನಲ್ಲಿ ಸುತ್ತಿಕೊಂಡರು. ಕೊಟ್ಟ ದುಡ್ಡಿನಲ್ಲಿ ಮಗ ಸ್ವಲ್ಪ ಖರ್ಚು ಮಾಡಿದ್ದ. ಖರ್ಚಾದದ್ದನ್ನು ಆಮೇಲೆ ಕಂತಿನಲ್ಲಿ ತೀರಿಸಿದ. ಆ ಗಾಡಿ ಈಗಲೂ ಅಲ್ಲೇ ಇದೆ. ವರ್ಷಕ್ಕೆರಡು ಸಲ ಹೋಗಿ ಅದರ ಇಂಜಿನ್ನನ್ನು ತಿರುಗಿಸಿ, ಎಣ್ಣೆ ಬಿಟ್ಟು ಬರುವ ಕೆಲಸವನ್ನು ಆ ತಾಯಿಯೇ ನನಗೆ ಒಪ್ಪಿಸಿದ್ದಾರೆ.

ಅಂದಿನಿಂದ ನಾನು ಹಳ್ಳಿಯ ಮನೆಯ ಮುಂದೆ ನಿಂತು ಆಡುವ ಮೊದಲ ಮಾತು ಬದಲಾಗಿದೆ. ಮಾರುತ್ತೀರಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಗಾಡಿಯನ್ನು ನೆಲದಿಂದ ಎತ್ತಿಡಲು ಬಿಡುತ್ತೀರಾ ಎಂದು ಕೇಳುತ್ತೇನೆ. ಎರಡು ಸೈಜುಗಲ್ಲು, ಒಂದು ಹಲಗೆ, ಇಬ್ಬರು ಆಳಿದ್ದರೆ ಅರ್ಧ ಗಂಟೆಯ ಕೆಲಸ. ಚಕ್ರ ಮಣ್ಣಿನಿಂದ ಒಂದು ಗೇಣು ಮೇಲೆ ಬಂದರೆ ಗಾಡಿಗೆ ಹತ್ತು ವರ್ಷ ಹೆಚ್ಚು ಆಯುಷ್ಯ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಟ್ಯಾಂಕಿನಲ್ಲಿ ಅರಗಿನಂತೆ ಗಟ್ಟಿಯಾದ ಹಳೆಯ ಪೆಟ್ರೋಲನ್ನು ತೆಗೆದು ಒಳಗೆ ಎಣ್ಣೆ ಸವರುತ್ತೇನೆ, ಪ್ಲಗ್ಗಿನ ತೂತಿಗೆ ನಾಲ್ಕು ಚಮಚ ಎಣ್ಣೆ ಬಿಡುತ್ತೇನೆ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುತ್ತೇನೆ, ಇಲಿ ಬಾರದಂತೆ. ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿದ್ದರೆ ತೆಗೆಸುತ್ತೇನೆ; ಅದು ಒಳಗಿನ ಬೆವರನ್ನು ಹೊರಗೆ ಬಿಡುವುದಿಲ್ಲ, ಹಳೆಯ ಹತ್ತಿ ಸೀರೆಯೇ ಮೇಲು. ಮಂಗಳವಾರ, ಶುಕ್ರವಾರ ಮಾತ್ರ ಈ ಕೆಲಸಕ್ಕೆ ಹೋಗುವುದಿಲ್ಲ. ಆ ದಿನ ಗಾಡಿಯನ್ನು ಅಲುಗಿಸಿದರೂ ಮನೆಯ ಲಕ್ಷ್ಮಿಯನ್ನು ಹೊರಡಿಸುತ್ತಿದ್ದಾನೆಂದು ಹೆಂಗಸರಿಗೆ ದಿಗಿಲಾಗುತ್ತದೆ. ಹೀಗೆ ಎತ್ತಿಟ್ಟ ಗಾಡಿಗಳು ಈಗ ಹತ್ತೊಂಬತ್ತಾಗಿವೆ. ಅವುಗಳಲ್ಲಿ ಎರಡನ್ನು ಒಡೆಯರೇ ಮುಂದೆ ಕರೆದು ನನಗೆ ಕೊಟ್ಟರು, ಒಂದನ್ನು ಆ ಮನೆಯ ಹುಡುಗನೇ ದುರಸ್ತಿ ಮಾಡಿಸಿ ಓಡಿಸುತ್ತಿದ್ದಾನೆ. ಉಳಿದವು ಕಲ್ಲಿನ ಮೇಲಿವೆ.

ತಿಪಟೂರಿನ ಜಾವಾವನ್ನು ಮಾತ್ರ ಕಲ್ಲಿನ ಮೇಲೆ ಎತ್ತಲೂ ಯಜಮಾನರು ಬಿಟ್ಟಿರಲಿಲ್ಲ. ಕಾರಣ ಮೂರನೆಯ ವರ್ಷ ತಿಳಿಯಿತು, ಅವರಿಂದಲ್ಲ, ಆ ಮನೆಯ ಅಜ್ಜಿಯಿಂದ. ಗಾಡಿ ಯಜಮಾನರದ್ದಲ್ಲ, ಅವರ ತಮ್ಮನದ್ದು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಆತ, ಸುತ್ತಲ ಹಳ್ಳಿಗಳಿಗೆ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಅದರಲ್ಲೇ ಹೋಗಿಬರುತ್ತಿದ್ದರಂತೆ. ಕೆಲಸದಿಂದ ನಿವೃತ್ತರಾದ ಮೇಲೂ ಕರೆದವರ ಮನೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಒಂದು ಸಂಜೆ ಬಂದು, ಚೈನು ಸಡಿಲವಾಗಿದೆ, ನಾಳೆ ತಿಪಟೂರಿಗೆ ಹೋಗಿ ಬಿಗಿ ಮಾಡಿಸುತ್ತೇನೆ ಎನ್ನುತ್ತ ಗಾಡಿಯನ್ನು ಅಟ್ಟದ ಕೆಳಗೆ ನಿಲ್ಲಿಸಿ ಕೈಕಾಲು ತೊಳೆದು ಉಂಡು ಮಲಗಿದರು, ಬೆಳಗ್ಗೆ ಏಳಲಿಲ್ಲ. “ಅವ್ನು ನಿಲ್ಲಿಸಿದ್ದು ಹೆಂಗಿತ್ತೋ ಹಂಗೇ ಐತೆ ನೋಡಪ್ಪ, ಮುಟ್ಟಾಕೆ ಬಿಡಕಿಲ್ಲ ಇವ್ರು,” ಎಂದು ಅಜ್ಜಿ ಮೆಲ್ಲಗೆ ಹೇಳಿದರು. ಅಂದು ಮನೆಗೆ ಬರುವಾಗ, ಇದನ್ನೇ ನಾನು ಮೂರು ವರ್ಷ ಗಾಡಿಯ ಮೇಲಿನ ಅನಾದರವೆಂದು ತಿಳಿದಿದ್ದೆನಲ್ಲ ಎಂದು ಮನಸ್ಸು ಭಾರವಾಯಿತು. ನಿಲ್ಲಿಸಿದವನ ಕೈಯ ಕೊನೆಯ ಕೆಲಸವನ್ನು ಅವರು ಕಾಯುತ್ತಿದ್ದರು; ನಾನು ತುಕ್ಕಿನಿಂದ ಅದೇ ಕೆಲಸವನ್ನು ಕಾಯಬೇಕೆಂದು ಹೊರಟಿದ್ದೆ.

ಈ ಸಲ ಶ್ರಾವಣ ಕಳೆದ ಮೇಲೆ ಹೋದಾಗ ಯಜಮಾನರು ಟಾರ್ಚು ಹಿಡಿದು ಅಟ್ಟದ ಕೆಳಗೆ ನನ್ನ ಜೊತೆ ಬಂದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಗಾಡಿಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಿಂದಿನ ರಿಮ್ಮಿನ ಅಂಚು ತೂತು ಬಿದ್ದು ಜಾಲರಿಯಂತಾಗಿದ್ದನ್ನು, ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಬಾಯಿಗೆ ಕಡಜವೊಂದು ಮಣ್ಣಿನ ಗೂಡು ಕಟ್ಟಿದ್ದನ್ನು ಅವರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ಬೆರಳಿನಿಂದ ರಿಮ್ಮನ್ನು ಮುಟ್ಟಿದರು. ಅದು ಬೆರಳಿಗೆ ಉದುರಿತು.

“ಎತ್ತಿಡು,” ಎಂದರು. ಸ್ವಲ್ಪ ತಡೆದು, “ಮುಖ ಮಾತ್ರ ತಿರುಗಿಸ್ಬ್ಯಾಡ ಕಣಪ್ಪ,” ಎಂದರು.

ಎತ್ತುವ ಮೊದಲು ಅವರೇ ಸುಣ್ಣದ ಡಬ್ಬಿ ತರಿಸಿ ಎರಡೂ ಚಕ್ರಗಳ ಸುತ್ತ ನೆಲದ ಮೇಲೆ ಗೆರೆ ಎಳೆದರು. ಅವರ ಮೊಮ್ಮಗ, ತೋಟದ ಆಳು ಮತ್ತು ನಾನು ಸೇರಿ ಗಾಡಿಯನ್ನು ಎತ್ತಿದಾಗ ಟೈರುಗಳ ಗುರುತು ಮಣ್ಣಿನಲ್ಲಿ ಎರಡು ಬೆರಳು ಆಳಕ್ಕೆ ಕೂತಿತ್ತು. ಸುಣ್ಣದ ಗೆರೆಯೊಳಗೆ ಸರಿಯಾಗಿ ಕಲ್ಲುಗಳನ್ನಿಟ್ಟು, ಹಲಗೆ ಹಾಸಿ, ಬಾಗಿಲಿಗೆ ಮುಖ ಮಾಡಿ ಹಿಂದೆ ಹೇಗಿತ್ತೋ ಹಾಗೆಯೇ ನಿಲ್ಲಿಸಿದೆವು. ಚೈನಿನ ತಂಟೆಗೆ ನಾನು ಹೋಗಲಿಲ್ಲ. ಅದು ಸಡಿಲವಾಗಿಯೇ ಇದೆ.

ಕಡಜದ ಗೂಡನ್ನು ಅಲ್ಲೇ ಕೆರೆದು ತೆಗೆಯಲು ಆಗುತ್ತಿರಲಿಲ್ಲ. ಬಿಚ್ಚಿ ಮನೆಗೆ ಒಯ್ದು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆಯಬೇಕು ಎಂದೆ. ಯಜಮಾನರು ಕಾರ್ಬ್ಯುರೇಟರನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ತಮ್ಮ ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿ ನನಗೆ ಕೊಟ್ಟರು. “ಮಾರ್ದೆ ಅಂತ ತಿಳ್ಕಬ್ಯಾಡ. ಆಯುಧಪೂಜೆಗೆ ಮುಂಚೆ ತಂದು ಹಾಕ್ಬುಡು,” ಎಂದರು.

ಈಗ ಅದು ನನ್ನ ಮೇಜಿನ ಮೇಲೆ ಬಿಚ್ಚಿದ ಸ್ಥಿತಿಯಲ್ಲಿದೆ. ಗೂಡಿನ ಮಣ್ಣು ಬಿಟ್ಟಿದೆ, ಜೆಟ್ಟಿನ ತೂತು ತೆರೆದಿದೆ, ತೇಲುಬುಡ್ಡಿ ಸೋರುತ್ತಿಲ್ಲ. ಟವೆಲನ್ನು ಒಗೆದು ಒಣಗಲು ಹಾಕಿದ್ದೇನೆ. ಹಬ್ಬಕ್ಕೆ ಇನ್ನು ಹನ್ನೊಂದು ದಿನಗಳಿವೆ.